ಧಾರವಾಡದ ಕೂಸು ಬಾಳೂ ಪಾಲವಣಕರ

ಕಪಿಲೆಯ ದಡದ ನಂಜನಗೂಡಿನಲ್ಲಾಗಲಿ, ಆ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಾಗಲಿ ಹುಟ್ಟಿ ಬೆಳೆದವರಿಗೆ ಗರಡಿಮನೆಯ ಕೆಮ್ಮಣ್ಣು ಹೊಸದಲ್ಲ. ಜಾತ್ರೆ ಬಂದಿತೆಂದರೆ ಕುಸ್ತಿಯ ಮಟ್ಟಿ ಸಿದ್ಧವಾಗುತ್ತದೆ. ಜೋಡಿ ಕಟ್ಟುವ ಹಿರಿಯರು ಸೇರುತ್ತಾರೆ. ಪೈಲ್ವಾನರು ಮಣ್ಣನ್ನು ಹಣೆಗೆ ಒತ್ತಿಕೊಂಡು ತೊಡೆ ತಟ್ಟುತ್ತಾರೆ. ಸಮೀಪದ ಮೈಸೂರಿನಲ್ಲಿ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆದು, ಒಬ್ಬನ ನೆತ್ತಿಯಲ್ಲಿ ರಕ್ತ ಕಾಣಿಸಿಕೊಂಡೊಡನೆ ನಿಲ್ಲುತ್ತದೆ. ಮಟ್ಟಿಗೆ ಇಳಿದ ಮೇಲೆ ಜಾತಿಯಿಲ್ಲ, ಕುಲವಿಲ್ಲ. ಬೆನ್ನು ಮಣ್ಣಿಗೆ ತಾಕಿದವನು ಸೋತ, ತಾಕಿಸಿದವನು ಗೆದ್ದ ಎಂದು ನಮ್ಮ ಕಡೆಯ ಹಿರಿಯರು ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂದು ಒಮ್ಮೆ ತರಗತಿಯಲ್ಲಿ ನನ್ನನ್ನು ಕೇಳಿದವನು ನರಸೀಪುರದ ಕಡೆಯಿಂದ ನಂಜನಗೂಡಿಗೆ ಓದಲು ಬರುತ್ತಿದ್ದ ಒಬ್ಬ ವಿದ್ಯಾರ್ಥಿ.

ಅವನು ಅಮೆರಿಕದ ಮುಷ್ಟಿಮಲ್ಲ ಜಾಕ್ ಜಾನ್ಸನ್ನನ ಕಥೆಯನ್ನು ಓದಿಕೊಂಡು ಬಂದಿದ್ದ. ಗುಲಾಮಗಿರಿಯಲ್ಲಿ ಹುಟ್ಟಿ ಬಿಡುಗಡೆ ಕಂಡ ತಂದೆತಾಯಿಗಳಿಗೆ ೧೮೭೮ರಲ್ಲಿ ಟೆಕ್ಸಾಸಿನ ಗ್ಯಾಲ್ವೆಸ್ಟನ್ ಪಟ್ಟಣದಲ್ಲಿ ಮಗನಾಗಿ ಹುಟ್ಟಿದವನು ಜಾನ್ಸನ್. ಭಾರದ ವರ್ಗದ ಬಿಳಿಯ ವಿಜೇತರು ಕಪ್ಪು ಜನಾಂಗದ ಮಲ್ಲರೊಡನೆ ಪಟ್ಟಕ್ಕಾಗಿ ಹೋರಾಡಲು ಒಲ್ಲೆವೆಂದು ವರ್ಷಗಟ್ಟಲೆ ಕೂತಿದ್ದರು. ಕಡೆಗೆ ೧೯೦೮ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ಅವನಿಗೆ ಅವಕಾಶ ಸಿಕ್ಕಿತು, ಪಟ್ಟವೂ ಸಿಕ್ಕಿತು. ಅದನ್ನು ಮರಳಿ ಗೆಲ್ಲಲೆಂದು ನಿವೃತ್ತನಾಗಿದ್ದ ಜೆಫ್ರೀಸನನ್ನು ಬಿಳಿಯರು ಕಣಕ್ಕೆ ಎಳೆತಂದರು. ೧೯೧೦ರ ಜುಲೈ ೪ರಂದು ರೀನೋ ನಗರದಲ್ಲಿ ಜಾನ್ಸನ್ ಅವನನ್ನೂ ಕೆಡವಿದ. ಆ ರಾತ್ರಿ ಅಮೆರಿಕದ ಹಲವು ಊರುಗಳಲ್ಲಿ ಗಲಭೆಯೆದ್ದು ಜನ ಸತ್ತರು. ಇಂಥ ಒಬ್ಬ ನಮ್ಮ ನಾಡಿನಲ್ಲಿ ಇರಲಿಲ್ಲವೇ ಎಂಬುದು ಹುಡುಗನ ಪ್ರಶ್ನೆ.

ಇದ್ದ, ಎಂದೆ. ಆದರೆ ಅವನ ಆಟ ಮುಷ್ಟಿಯುದ್ಧವಲ್ಲ, ಕ್ರಿಕೆಟ್ಟು. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಮತ್ತೊಂದು ವ್ಯತ್ಯಾಸವೂ ಉಂಟು. ಜಾನ್ಸನ್ನನ ವಿರೋಧಿಗಳು ಕಣದ ಎದುರು ಮೂಲೆಯಲ್ಲಿ ನಿಂತಿದ್ದರು. ಇವನನ್ನು ವಿರೋಧಿಸಿದವರು ಇವನ ಪಕ್ಷದಲ್ಲಿಯೇ, ಇವನ ಚಪ್ಪರದ ನೆರಳಿನಲ್ಲಿಯೇ ಕುಳಿತಿದ್ದರು. ಅಂದು ಆ ಹುಡುಗನಿಗೆ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸಾವಧಾನವಾಗಿ ಹೇಳಲು ಯತ್ನಿಸಿದ್ದೇನೆ.

ಬಾಳೂ ಪಾಲವಣಕರ ಹುಟ್ಟಿದ್ದು ೧೮೭೫-೭೬ರ ಸುಮಾರಿನಲ್ಲಿ. ಮನೆತನದ ಹೆಸರು ಕೊಂಕಣ ಕರಾವಳಿಯ ಪಾಲವಣವೆಂಬ ಹಳ್ಳಿಯಿಂದ ಬಂದುದು. ಜಾತಿಯಿಂದ ಚಾಂಭಾರರು, ನಮ್ಮ ಮಾತಿನಲ್ಲಿ ಚಮ್ಮಾರರು. ಸತ್ತ ದನದ ತೊಗಲನ್ನು ಮುಟ್ಟುವವರೆಂದು ಊರು ಅವರನ್ನು ಮುಟ್ಟುತ್ತಿರಲಿಲ್ಲ. ತಂದೆ ಸೈನ್ಯಕ್ಕೆ ಸಂಬಂಧಪಟ್ಟ ಕೆಲಸದಲ್ಲಿದ್ದುದರಿಂದ ಸಂಸಾರ ಧಾರವಾಡದಿಂದ ಪುಣೆಗೆ ಹೋಯಿತು. ಕೊಂಕಣದ ಅಸ್ಪೃಶ್ಯ ಕುಟುಂಬಗಳಲ್ಲಿ ಅನೇಕಕ್ಕೆ ಊರಿನ ಹಿಡಿತದಿಂದ ತಪ್ಪಿಸಿಕೊಳ್ಳಲು ದೊರೆತ ಬಾಗಿಲು ಆಗ ಸೈನ್ಯವೊಂದೇ. ಬಾಳೂವಿಗಿಂತ ಹದಿನೈದು ವರ್ಷಕ್ಕೆ ಕಿರಿಯರಾದ ಭೀಮರಾವ್ ಅಂಬೇಡ್ಕರ್ ಸಹ ದೂರದ ಮಹೂ ದಂಡಿನ ಪ್ರದೇಶದಲ್ಲಿ ಸುಬೇದಾರರ ಮಗನಾಗಿ ಹುಟ್ಟಿದರೆಂಬುದನ್ನು ವಾಚಕರು ಇಲ್ಲಿ ನೆನಪಿನಲ್ಲಿಡಬೇಕು. ಈ ಇಬ್ಬರ ದಾರಿಗಳು ಮುಂದೆ ಎರಡು ಸಲ ಕೂಡುತ್ತವೆ, ಒಂದು ಸಲ ಪ್ರೀತಿಯಿಂದ, ಒಂದು ಸಲ ಎದುರುಬದುರಾಗಿ.

ಪುಣೆಯ ದಂಡಿನಲ್ಲಿ ಬಿಳಿಯ ಅಧಿಕಾರಿಗಳು ಆಡಿ ಬಿಸುಟ ಚೆಂಡು ದಾಂಡುಗಳನ್ನು ಹಿಡಿದು ಬಾಳೂ ಮತ್ತು ಅವನ ತಮ್ಮ ಶಿವರಾಮ ಆಟ ಕಲಿತರು. ಹೊಟ್ಟೆಪಾಡಿಗೆ ಬಾಳೂ ಪಾರ್ಸಿಗಳ ಒಂದು ಕ್ಲಬ್ಬಿನಲ್ಲಿ ಬಯಲು ಗುಡಿಸಿ, ರೋಲರು ಎಳೆಯುವ ಕೆಲಸಕ್ಕೆ ಸೇರಿಕೊಂಡ. ಸಂಬಳ ತಿಂಗಳಿಗೆ ಮೂರು ರೂಪಾಯಿ. ೧೮೯೨ರ ಹೊತ್ತಿಗೆ ಯೂರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದ. ಅಲ್ಲಿ ನಾಲ್ಕು ರೂಪಾಯಿ. ನೆಲ ಹದಮಾಡುವುದು, ಬಲೆ ಕಟ್ಟುವುದು, ಟೆನ್ನಿಸಿನ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವುದು ಅವನ ದಿನಚರಿ. ಬಿಡುವಿದ್ದಾಗ ಸಾಹೇಬರ ಅಭ್ಯಾಸಕ್ಕೆ ಚೆಂಡೆಸೆಯುವಂತೆ ಯಾರೋ ಹೇಳಿದರು, ಎಸೆದ. ಎಡಗೈಯ ನಿಧಾನದ ಚೆಂಡು. ಗಾಳಿಯಲ್ಲಿ ತೇಲಿ ಬಂದು ಬೀಳಬೇಕಾದಲ್ಲಿ ಬಿದ್ದು, ತಿರುಗಬೇಕಾದತ್ತ ತಿರುಗುತ್ತಿತ್ತು.

ಆ ಕ್ಲಬ್ಬಿನ ದೊಡ್ಡ ದಾಂಡಿಗ ಜೆ. ಜಿ. ಗ್ರೇಗ್ ಎಂಬ ಸೇನಾಧಿಕಾರಿ. ಇಂಗ್ಲೆಂಡಿನಲ್ಲಿ ಹ್ಯಾಂಪ್‌ಷೈರ್ ತಂಡಕ್ಕೆ ಆಡಿದವನು. ಉಳಿದವರು ಬರುವುದಕ್ಕೆ ಒಂದು ಗಂಟೆ ಮುಂಚೆಯೇ ಬಂದು ಅವನು ಬಾಳೂವಿನಿಂದ ಚೆಂಡೆಸೆಯಿಸಿಕೊಂಡು ಅಭ್ಯಾಸ ಮಾಡುತ್ತಿದ್ದ. ಒಂದು ಸಲ ಔಟು ಮಾಡಿದರೆ ಎಂಟಾಣೆ ಕೊಡುತ್ತಿದ್ದನೆಂಬ ಕಥೆಯುಂಟು. ಹೀಗೆ ವರ್ಷಗಳುರುಳಿದವು. ಪುಣೆಯ ಸಾಹೇಬರಿಗೆ ಸಾವಿರಾರು ಚೆಂಡು ಎಸೆದ ಈ ಹುಡುಗನ ಕೈಗೆ ಒಂದು ದಿನವಾದರೂ ದಾಂಡು ಕೊಟ್ಟವರಿಲ್ಲ. ಆ ಕಾಲದ ಕ್ರಿಕೆಟ್ಟಿನಲ್ಲಿ ದಾಂಡು ಹಿಡಿಯುವುದು ಒಡೆಯರ ಕೆಲಸ, ಚೆಂಡು ಎಸೆಯುವುದು ಆಳಿನ ಕೆಲಸವಾಗಿತ್ತು. ಗ್ರೇಗನನ್ನು ಉದಾರಿಯೆಂದು ಹೊಗಳುವವರಿದ್ದಾರೆ. ನನಗೆ ಅಷ್ಟು ಧಾರಾಳವಾಗಿ ಹೊಗಳಲು ಮನಸ್ಸು ಬಾರದು. ಅವನಿಗೆ ಬೇಕಾಗಿದ್ದುದು ತನ್ನ ಆಟದ ಸಾಣೆಗೆ ಒಂದು ಒಳ್ಳೆಯ ಕಲ್ಲು. ಆದರೂ ಆ ಸಾಣೆಯಲ್ಲಿ ಕಲ್ಲೂ ಹೊಳಪೇರಿತು.

ಪುಣೆಯ ಹಿಂದೂಗಳ ಕ್ಲಬ್ಬು ಊರಿನ ಯೂರೋಪಿಯನ್ನರನ್ನು ಸೋಲಿಸಬೇಕೆಂದು ಹಟ ತೊಟ್ಟಾಗ ತೊಡಕು ಹುಟ್ಟಿತು. ಸಾಹೇಬರ ಆಟದ ಒಳಗುಟ್ಟನ್ನೆಲ್ಲ ಬಲ್ಲ ಬೌಲರ್ ಸಾಹೇಬರ ಬಯಲಿನಲ್ಲಿಯೇ ರೋಲರು ಎಳೆಯುತ್ತಿದ್ದಾನೆ. ಅವನನ್ನು ತೆಗೆದುಕೊಂಡರೆ ಗೆಲುವು, ಆದರೆ ಅವನು ಚಮ್ಮಾರ. ತಂಡದ ಬ್ರಾಹ್ಮಣರಲ್ಲಿಯೇ ಎರಡು ಅಭಿಪ್ರಾಯವಾಯಿತು. ಇಂಥವನನ್ನು ಬಿಟ್ಟರೆ ಹಿಂದೂಗಳು ಮೂರ್ಖರೆಂಬ ಅರ್ಥದ ಮಾತನ್ನು ಗ್ರೇಗ್ ಪತ್ರಿಕೆಯಲ್ಲಿ ಆಡಿದನಂತೆ. ಕಡೆಗೆ ಬಾಳೂವನ್ನು ಸೇರಿಸಿಕೊಂಡರು, ಒಂದು ಒಪ್ಪಂದದ ಮೇಲೆ. ಬಯಲಿನಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟಬಹುದು. ಚಹದ ಹೊತ್ತಿಗೆ ಉಳಿದವರು ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಕುಡಿಯುವರು. ಬಾಳೂವಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ, ಕುಡಿದ ಮೇಲೆ ಬಿಸಾಡತಕ್ಕದ್ದು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಮುಖ ತೊಳೆಯಬೇಕಾದರೆ ಅವನ ಜಾತಿಯಂಥದೇ ಜಾತಿಯ ಒಬ್ಬ ಆಳು ಬಯಲಿನ ಮೂಲೆಗೆ ನೀರು ತಂದು ಹೊಯ್ಯಬೇಕು.

ಚೆಂಡಿಗೆ ಮೈಲಿಗೆಯಿಲ್ಲ, ಬಟ್ಟಲಿಗೆ ಉಂಟು. ಈ ಶಾಸ್ತ್ರವನ್ನು ಬರೆದ ಋಷಿ ಯಾರೋ ಕಾಣೆ. ನಮ್ಮ ಹಳ್ಳಿಯ ಹೋಟೆಲುಗಳಲ್ಲಿ ತೆಂಗಿನ ಚಿಪ್ಪು, ಬೇರೆ ಲೋಟಗಳನ್ನು ಕಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಬಾಳೂ ಆ ಕುಡಿಕೆಯಲ್ಲಿ ಕುಡಿದ, ಮತ್ತು ವಿಕೆಟ್ಟುಗಳನ್ನು ಕೆಡವಿದ. ಒಮ್ಮೆ ಸಾತಾರೆಯಲ್ಲಿ ಪಂದ್ಯ. ಎದುರಾಳಿಯಾದ ಬಿಳಿಯರ ಜಿಮಖಾನಾದವರು ಇವನ ಚೆಂಡು ತಿರುಗದಿರಲೆಂದು ವಾರವೆಲ್ಲ ನೆಲಕ್ಕೆ ರೋಲರು ಹೊಡೆಸಿ ಗಟ್ಟಿಮಾಡಿಸಿದ್ದರು. ಅಲ್ಲಿಯೂ ಅವನು ಏಳು ವಿಕೆಟ್ಟು ತೆಗೆದ. ಪುಣೆಗೆ ಹಿಂದಿರುಗಿದ ತಂಡಕ್ಕೆ ಸತ್ಕಾರವಾಯಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಬಾಳೂವಿಗೆ ಮಾಲೆ ಹಾಕಿ, ಅವನೊಡನೆ ಆಡಬಹುದಾದರೆ ಅವನೊಡನೆ ಕುಳಿತು ಉಣ್ಣುವುದಕ್ಕೂ ಅಡ್ಡಿಯಿರಬಾರದೆಂಬ ಅಭಿಪ್ರಾಯವನ್ನು ಸಭೆಯಲ್ಲಿ ಹೇಳಿದರು. ಮುಂದೆ ತಿಲಕರೂ ಸಭೆಯೊಂದರಲ್ಲಿ ಅವನನ್ನು ಮೆಚ್ಚಿ ಮಾತಾಡಿದರು. ಸಮಾಜಸುಧಾರಣೆಯ ವಿಷಯದಲ್ಲಿ ಒಬ್ಬರಿಗೊಬ್ಬರು ಎದುರಾಗಿದ್ದ ಈ ಇಬ್ಬರು ಮಹನೀಯರೂ ಒಪ್ಪಿದ ವ್ಯಕ್ತಿ ಆ ಕಾಲದ ಪುಣೆಯಲ್ಲಿ ಬೇರೆ ಯಾರಿದ್ದರೋ!

೧೮೯೬ರಲ್ಲಿ ಪ್ಲೇಗು ಬಂದಿತು. ಆ ಕಾಲದಲ್ಲಿಯೇ ಬಾಳೂ ಮುಂಬಯಿಗೆ ಸರಿದು, ಕೆಲಕಾಲ ಸೈನ್ಯಕ್ಕೂ ಬಳಿಕ ರೈಲ್ವೆಗೂ ದುಡಿದು, ಹಿಂದೂ ಜಿಮಖಾನಾದ ಪರವಾಗಿ ಆಡತೊಡಗಿದರು. ಅಲ್ಲಿಯೂ ಮೊದಲಿಗೆ ಅದೇ ಚರ್ಚೆ, ಅದೇ ಅಸಮಾಧಾನ. ಗುಜರಾತಿ ಸದಸ್ಯರಲ್ಲಿ ಕೆಲವರು ಅಡ್ಡಬಂದರೆಂದು ತಿಳಿಯುತ್ತದೆ. ಮುಂಬಯಿಯ ಕ್ರಿಕೆಟ್ಟಿನ ರೀತಿಯನ್ನು ಇಂದಿನ ವಿದ್ಯಾರ್ಥಿಗಳಿಗೆ ಸ್ವಲ್ಪ ವಿವರಿಸಬೇಕು. ಆಗ ಊರು, ಪ್ರಾಂತಗಳ ತಂಡಗಳಿಗಿಂತ ಮತಗಳ ತಂಡಗಳೇ ಮುಖ್ಯ. ಮೊದಲು ಪಾರ್ಸಿಗಳು ಯೂರೋಪಿಯನ್ನರೊಡನೆ ಸೆಣಸಿದರು. ೧೯೦೬ರಲ್ಲಿ ಹಿಂದೂಗಳು ಕಣಕ್ಕಿಳಿದರು. ೧೯೦೭ರಿಂದ ಮೂರು ತಂಡಗಳ ಪಂದ್ಯಾವಳಿ. ೧೯೧೨ರಲ್ಲಿ ಮುಸಲ್ಮಾನರು ಸೇರಿ ಅದು ನಾಲ್ಕು ತಂಡಗಳದಾಯಿತು. ೧೯೩೭ರಲ್ಲಿ ಐದನೆಯದೂ ಕೂಡಿತು. ೧೯೪೬ರಲ್ಲಿ ಈ ಏರ್ಪಾಡೇ ನಿಂತುಹೋಯಿತು. ಆದ್ದರಿಂದ ಬಾಳೂ ಆಡಿದ್ದು ಮುಂಬಯಿಯವರಾಗಿ ಅಲ್ಲ, ಹಿಂದೂವಾಗಿ. ಅಸ್ಪೃಶ್ಯನು ಹಿಂದೂವೇ ಅಲ್ಲವೇ ಎಂಬ ಪ್ರಶ್ನೆ ರಾಜಕಾರಣದ ಮೇಜಿನ ಮೇಲೆ ಬರುವುದಕ್ಕೆ ಕಾಲು ಶತಮಾನ ಮುಂಚೆಯೇ ಕ್ರಿಕೆಟ್ಟಿನ ಬಯಲಿನಲ್ಲಿ ಬಂದಿತ್ತು.

೧೯೦೬ರ ಫೆಬ್ರುವರಿ. ಬಂಗಾಳದ ವಿಭಜನೆಯಾಗಿ ನಾಲ್ಕು ತಿಂಗಳಾಗಿದ್ದಿಲ್ಲ; ಸ್ವದೇಶಿಯ ಕಾವು ಏರುತ್ತಿದ್ದ ಕಾಲ. ಮುಂಬಯಿಯ ಬಯಲಿನಲ್ಲಿ ಹಿಂದೂಗಳು ಮೊದಲ ಸರದಿಯಲ್ಲಿ ೨೪೨, ಯೂರೋಪಿಯನ್ನರು ೧೯೧. ಎರಡನೆಯ ಸರದಿಯಲ್ಲಿ ಹಿಂದೂಗಳು ೧೬೦. ಗೆಲ್ಲಲು ೨೧೨ ಬೇಕಾಗಿದ್ದ ಯೂರೋಪಿಯನ್ನರು ೧೦೨ಕ್ಕೆ ಕುಸಿದರು. ಹಿಂದೂಗಳಿಗೆ ೧೦೯ ಓಟಗಳ ಜಯ. ಬಾಳೂ ಅವರಿಗೆ ಮೊದಲ ಸರದಿಯಲ್ಲಿ ಮೂರು, ಎರಡನೆಯದರಲ್ಲಿ ಐದು ವಿಕೆಟ್ಟು. ತಮ್ಮ ಶಿವರಾಮನೂ ಆ ತಂಡದಲ್ಲಿದ್ದ. ಆಳುವ ಜನಾಂಗವನ್ನು ಅದರದೇ ಆಟದಲ್ಲಿ ಸೋಲಿಸಿದ ಹಿಗ್ಗು ಊರೂರಿಗೆ ಹಬ್ಬಿತು. ಇಷ್ಟು ಹೊತ್ತಿಗೆ ಜಿಮಖಾನಾದ ಚಹದ ಮನೆಯೊಳಗೂ ಈ ಅಣ್ಣತಮ್ಮಂದಿರಿಗೆ ಪ್ರವೇಶ ದೊರೆತಿತ್ತು. ಮುಂಬಯಿಯ ಸುಧಾರಕರ ಪತ್ರಿಕೆ ‘ಇಂಡಿಯನ್ ಸೋಶಿಯಲ್ ರಿಫಾರ್ಮರ್’ ಗೆಲುವಿಗಿಂತಲೂ ಇದನ್ನೇ ದೊಡ್ಡದೆಂದು ಕೊಂಡಾಡಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಸಿಡ್ನಿ, ರೀನೋಗಳಲ್ಲಿ ವರ್ಣದ ಗರ್ವ ಜಾನ್ಸನ್ನನಿಗೆ ಬಾಗಿಲು ಮುಚ್ಚಲು ನೋಡಿತು. ಮುಂಬಯಿಯಲ್ಲಿ ಬಿಳಿಯರ ಆ ಗರ್ವವೇ ಬಾಳೂ ಅವರಿಗೆ ಬಾಗಿಲು ತೆರೆಯಿತು. ಎದುರಿಗೆ ಬಿಳಿಯನಿಲ್ಲದಿದ್ದರೆ ಮೇಲ್ಜಾತಿಯ ಹಿಂದೂವಿಗೆ ಚಮ್ಮಾರನ ಎಡಗೈ ಬೇಕಾಗುತ್ತಿತ್ತೇ? ಬೇಕಾಗುತ್ತಿರಲಿಲ್ಲವೆಂದೇ ನನ್ನ ಊಹೆ. ಒಂದು ಮೇಲರಿಮೆಯನ್ನು ಮುರಿಯಲು ಹೊರಟವರು ತಮ್ಮ ಮೇಲರಿಮೆಯ ಒಂದು ಅಂಚನ್ನು ತಾವೇ ಕತ್ತರಿಸಿಕೊಳ್ಳಬೇಕಾಯಿತು.

ಅಂಚನ್ನು ಮಾತ್ರ. ನಾಯಕತ್ವದ ವಿಚಾರ ಬಂದಾಗ ಇದು ಸ್ಪಷ್ಟವಾಯಿತು. ಆದರೆ ಅದಕ್ಕೆ ಮೊದಲು ಇಂಗ್ಲೆಂಡಿನ ಯಾತ್ರೆಯನ್ನು ಹೇಳಿಬಿಡಬೇಕು.

೧೯೧೧ರ ಬೇಸಗೆಯಲ್ಲಿ ಪಟಿಯಾಲದ ಯುವ ಮಹಾರಾಜ ಭೂಪೀಂದರ ಸಿಂಹರ ನೇತೃತ್ವದಲ್ಲಿ ಅಖಿಲ ಭಾರತದ ಹೆಸರಿನ ಮೊದಲ ತಂಡ ಇಂಗ್ಲೆಂಡಿಗೆ ಹೋಯಿತು. ಅದರಲ್ಲಿ ಪಾರ್ಸಿ, ಹಿಂದೂ, ಮುಸಲ್ಮಾನ ಎಲ್ಲರೂ ಇದ್ದರು. ನಮ್ಮ ಮೈಸೂರು ಸಂಸ್ಥಾನದ ಬಿ. ಜಯರಾಂ ಅವರೂ ಇದ್ದರು. ಐದನೆಯ ಜಾರ್ಜರ ಪಟ್ಟಾಭಿಷೇಕದ ವರ್ಷವದು. ಮಹಾರಾಜರಿಗೆ ಲಂಡನ್ನಿನ ಸಮಾರಂಭಗಳ ಆಕರ್ಷಣೆಯೇ ಹೆಚ್ಚಾಗಿ ಕೆಲವೇ ಪಂದ್ಯ ಆಡಿದರು. ತಂಡ ೨೩ ಪಂದ್ಯಗಳಲ್ಲಿ ಗೆದ್ದದ್ದು ಆರು, ಸೋತದ್ದು ಹದಿನೈದು. ಈ ಸೋಲಿನ ರಾಶಿಯ ನಡುವೆ ಒಬ್ಬರ ಲೆಕ್ಕ ಮಾತ್ರ ಬೇರೆಯಾಗಿ ಹೊಳೆಯುತ್ತದೆ. ಬಾಳೂ ಒಟ್ಟು ೧೧೪ ವಿಕೆಟ್ಟು ತೆಗೆದರು, ಸರಾಸರಿ ೧೮.೮೪. ವಯಸ್ಸು ಮೂವತ್ತೈದರ ಸುಮಾರು, ಎಡಭುಜದಲ್ಲಿ ನೋವು. ಲೀಸ್ಟರಿನಲ್ಲಿ ಭಾರತೀಯರು ಗೆದ್ದ ಪಂದ್ಯದಲ್ಲಿ ಹನ್ನೊಂದು ವಿಕೆಟ್ಟು ಅವರದೇ. ಸಾಮರ್‌ಸೆಟ್ ತಂಡವನ್ನು ಒಂದೇ ವಿಕೆಟ್ಟಿನಿಂದ ಸೋಲಿಸಿದ ಪಂದ್ಯದಲ್ಲಿ ಶಿವರಾಮ ಶತಕ ಬಾರಿಸಿದ. ಅಣ್ಣನಿಗೆ ಪುಣೆಯ ಸಾಹೇಬರು ಕೊಡದ ದಾಂಡನ್ನು ತಮ್ಮ ಸಾಹೇಬರ ನಾಡಿನಲ್ಲಿಯೇ ಬೀಸಿದ. ಇಂಗ್ಲೆಂಡಿನ ಮಹಾ ಬೌಲರ್ ವಿಲ್ಫ್ರೆಡ್ ರೋಡ್ಸನೊಡನೆ ಬಾಳೂ ಅವರನ್ನು ಹೋಲಿಸುವುದು ವಾಡಿಕೆಯಾಯಿತು.

ಅದೇ ೧೯೧೧ರಲ್ಲಿ ಜಾಕ್ ಜಾನ್ಸನ್ನನೂ ಇಂಗ್ಲೆಂಡಿನಲ್ಲಿದ್ದ. ಬಾಂಬಾರ್ಡಿಯರ್ ವೆಲ್ಸ್ ಎಂಬ ಬಿಳಿಯ ಮಲ್ಲನೊಡನೆ ಲಂಡನ್ನಿನಲ್ಲಿ ಅವನ ಕಾಳಗ ಗೊತ್ತಾಗಿತ್ತು. ಪಾದ್ರಿಗಳೂ ಪತ್ರಿಕೆಗಳೂ ಕೂಗೆಬ್ಬಿಸಿದವು. ಗೃಹಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಅದನ್ನು ನಡೆಯಗೊಡಲಿಲ್ಲ. ಕಪ್ಪು ಮಲ್ಲ ಬಿಳಿಯನನ್ನು ಹೊಡೆದು ಕೆಡವಿದ ಸುದ್ದಿ ಸಾಮ್ರಾಜ್ಯದ ಪ್ರಜೆಗಳ ಕಿವಿಗೆ ಬೀಳಬಾರದೆಂಬ ಭಯ ಅದರ ಹಿಂದಿತ್ತು. ಆ ಪ್ರಜೆಗಳಲ್ಲಿ ಒಬ್ಬರು ಆ ಬೇಸಗೆಯಲ್ಲೇ ಊರಿಂದೂರಿಗೆ ಹೋಗಿ ಇಂಗ್ಲಿಷರ ವಿಕೆಟ್ಟುಗಳನ್ನು ಕೆಡವಿದ್ದರು. ಅದಕ್ಕೆ ಯಾರೂ ಅಂಜಲಿಲ್ಲ. ಸಭ್ಯತೆಯಿಂದ ಚಪ್ಪಾಳೆ ತಟ್ಟಿದರು. ಮುಷ್ಟಿಗೂ ಚೆಂಡಿಗೂ ಇರುವ ಅಂತರ ಇದು. ಮುಷ್ಟಿಯ ಪೆಟ್ಟು ಎಲ್ಲರಿಗೂ ಅರ್ಥವಾಗುತ್ತದೆ.

ಮುಂಬಯಿಗೆ ಮರಳಿದ ಬಾಳೂ ಅವರಿಗೆ ದಲಿತ ವರ್ಗದವರು ಸತ್ಕಾರ ಸಭೆಯನ್ನು ಏರ್ಪಡಿಸಿದರು. ಅಲ್ಲಿ ಮಾನಪತ್ರವನ್ನು ಅರ್ಪಿಸಿದವನು ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿ ಭೀಮರಾವ್ ಅಂಬೇಡ್ಕರ್ ಎಂದೂ, ಅದು ಆತನ ಮೊದಲ ಸಾರ್ವಜನಿಕ ಕಾರ್ಯಗಳಲ್ಲಿ ಒಂದೆಂದೂ ಚರಿತ್ರಕಾರರು ಹೇಳುತ್ತಾರೆ. ಇಪ್ಪತ್ತರ ತರುಣನ ಕಣ್ಣಿಗೆ ಬಾಳೂ ಹೇಗೆ ಕಂಡಿರಬೇಕು! ತನ್ನಂತೆ ದಂಡಿನ ನೆರಳಿನಲ್ಲಿ ಬೆಳೆದು, ತನ್ನಂತೆ ಬೇರೆ ಕೂತು ನೀರು ಕುಡಿದು, ಲೋಕವನ್ನು ಗೆದ್ದು ಬಂದ ಹಿರಿಯಣ್ಣ. ಬಹುಕಾಲ ಅವರ ಹೆಸರನ್ನು ಅಂಬೇಡ್ಕರ್ ತಮ್ಮ ಜನರ ಮುಂದೆ ಅಭಿಮಾನದಿಂದ ಎತ್ತುತ್ತಿದ್ದರು.

ಈಗ ನಾಯಕತ್ವದ ವಿಚಾರ. ೧೯೧೧ರ ಬಳಿಕ ಹಿಂದೂ ತಂಡದಲ್ಲಿ ಬಾಳೂ ಅವರಿಗಿಂತ ದೊಡ್ಡ ಆಟಗಾರರಿರಲಿಲ್ಲ. ಅನುಭವದಲ್ಲಿ ಸಮನಾದವರೂ ವಿರಳ. ಆದರೆ ವರ್ಷವರ್ಷವೂ ನಾಯಕರ ಹೆಸರು ಬೇರೊಂದು ಜಾತಿಯದೇ ಆಗಿರುತ್ತಿತ್ತು. ೧೯೧೩ರಲ್ಲಿ ನಾಯಕರಾದವರು ಎಂ. ಡಿ. ಪೈ, ಗೌಡ ಸಾರಸ್ವತ ಬ್ರಾಹ್ಮಣರು. ತಮ್ಮನ್ನು ಸನ್ಮಾನಿಸಿದ ಸಭೆಯಲ್ಲಿಯೇ ಪೈಗಳು ಎದ್ದು ನಿಂತು, ಈ ಗೌರವ ನ್ಯಾಯವಾಗಿ ತಮ್ಮ ಸ್ನೇಹಿತ ಬಾಳೂವಿಗೆ ಸಲ್ಲಬೇಕಾಗಿತ್ತೆಂದು ಹೇಳಿದರು. ಸಭೆ ಮೆಚ್ಚಿ ಕೇಳಿರಬೇಕು. ಸಮಿತಿ ಮಾತ್ರ ಕದಲಲಿಲ್ಲ. ಬಾಳೂ ಬಾಯಿ ಬಿಡಲಿಲ್ಲ. ಕರೆದಾಗ ಬಂದರು, ಎಸೆ ಎಂದಾಗ ಎಸೆದರು.

೧೯೨೦ರಲ್ಲಿ ಮಾತ್ರ ಕಟ್ಟೆ ಒಡೆಯಿತು. ಪೈಗಳಿಗೆ ಕಾಯಿಲೆ. ನಾಯಕತ್ವ ಈಗಲಾದರೂ ಬಾಳೂ ಅವರಿಗೆ ಬರಬೇಕಾದಲ್ಲಿ, ಸಮಿತಿ ಅವರನ್ನು ತಂಡದಿಂದಲೇ ಕೈಬಿಟ್ಟು ಪುಣೆಯ ಬ್ರಾಹ್ಮಣ ಆಟಗಾರ ಡಿ. ಬಿ. ದೇವಧರರನ್ನು ನಾಯಕರನ್ನಾಗಿ ಮಾಡಿತು. ದೇವಧರರು ಒಳ್ಳೆಯ ದಾಂಡಿಗರು, ವಿದ್ವಾಂಸರು. ತಪ್ಪು ಅವರದೆಂದು ನಾನು ಹೇಳುತ್ತಿಲ್ಲ. ಆದರೆ ತಮ್ಮಂದಿರು ಸುಮ್ಮನಿರಲಿಲ್ಲ. ಶಿವರಾಮ ಮತ್ತು ಕಡೆಯ ತಮ್ಮ ವಿಠ್ಠಲ ತಂಡದಿಂದ ಹೊರಗೆ ನಿಂತು, ಈ ಆಯ್ಕೆಯ ಹಿಂದಿರುವುದು ಆಟವಲ್ಲ, ಜಾತಿ ಎಂದು ಬಹಿರಂಗವಾಗಿ ಹೇಳಿಕೆ ಕೊಟ್ಟರು. ಊರಿನಲ್ಲಿ ಗುಲ್ಲೆದ್ದಿತು. ಅಂತಿಮ ಪಂದ್ಯದ ಹೊತ್ತಿಗೆ ಪೈಗಳು ಚೇತರಿಸಿಕೊಂಡು ಬಂದರು, ಬಾಳೂ ಅವರಿಗೆ ಉಪನಾಯಕತ್ವ ದೊರೆಯಿತು, ತಮ್ಮಂದಿರೂ ಮರಳಿದರು. ಆಟದ ನಡುವೆ ಪೈಗಳು ಬಯಲನ್ನು ಬಿಟ್ಟು ಕೆಲಹೊತ್ತು ಹೊರಗುಳಿದರು. ಅಷ್ಟು ಹೊತ್ತು ಹಿಂದೂಗಳ ತಂಡವನ್ನು ಬಾಳೂ ನಡೆಸಿದರು. ಒಬ್ಬ ಸ್ನೇಹಿತ ತನ್ನ ಕೈಲಾದಷ್ಟನ್ನು ಮಾಡಿದ ಆ ಘಳಿಗೆಯೇ ಬಾಳೂ ಕಂಡ ನಾಯಕತ್ವ. ವಯಸ್ಸು ಆಗ ನಲವತ್ತೈದರ ಹತ್ತಿರ. ಆಟದ ದಿನಗಳು ಮುಗಿಯುತ್ತ ಬಂದಿದ್ದವು.

ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು. ಗಾಂಧೀಜಿಯ ಅಸ್ಪೃಶ್ಯತಾ ನಿವಾರಣೆಯ ಮಾತು ದೇಶದಲ್ಲಿ ಹರಡಿದ್ದ ೧೯೨೩ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕನಾದ. ಯೂರೋಪಿಯನ್ನರನ್ನು ಸೋಲಿಸಿದ ದಿನ ಮೇಲ್ಜಾತಿಯ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ೧೯೨೩, ೧೯೨೫, ೧೯೨೬ ಹೀಗೆ ನಾಲ್ಕು ವರ್ಷಗಳಲ್ಲಿ ಮೂರು ಸಲ ಅವನ ತಂಡ ಗೆದ್ದಿತು. ವಿಠ್ಠಲ ಮುಂದೆ ಮರಾಠಿಯಲ್ಲಿ ತನ್ನ ಕ್ರೀಡಾಜೀವನವನ್ನು ಬರೆದಿಟ್ಟ. ಬಾಳೂ ಅಂಥದೇನನ್ನೂ ಬರೆಯಲಿಲ್ಲ. ಇದು ನಮಗೆ ದೊಡ್ಡ ನಷ್ಟ. ಮಣ್ಣಿನ ಕುಡಿಕೆಯನ್ನು ತುಟಿಗೊತ್ತುವಾಗ ಅವರ ಮನಸ್ಸಿನಲ್ಲಿ ಏನಿತ್ತೆಂಬುದು ಅವರೊಡನೆಯೇ ಹೋಯಿತು.

ಆದರೆ ಅವರ ಮನಸ್ಸಿನ ಒಲವನ್ನು ಅವರ ಮುಂದಿನ ನಡೆಯಿಂದ ಊಹಿಸಬಹುದು. ೧೯೩೨ರ ಆಗಸ್ಟಿನಲ್ಲಿ ಬ್ರಿಟಿಷ್ ಸರ್ಕಾರ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಘೋಷಿಸಿತು. ಅಂಬೇಡ್ಕರ್ ದುಂಡುಮೇಜಿನ ಪರಿಷತ್ತಿನಲ್ಲಿ ಹೋರಾಡಿ ಪಡೆದುದು ಅದು. ಹಿಂದೂ ಸಮಾಜ ನಮ್ಮನ್ನು ತನ್ನವರೆಂದು ಕಾಣದಿರುವಾಗ ಮತ ಎಣಿಸುವಲ್ಲಿ ಮಾತ್ರ ಏಕೆ ತನ್ನವರೆಂದು ಎಣಿಸಬೇಕೆಂಬುದು ಅವರ ವಾದ. ಗಾಂಧೀಜಿ ಯರವಡಾ ಜೈಲಿನಲ್ಲಿ ಸೆಪ್ಟೆಂಬರ್ ೨೦ರಂದು ಉಪವಾಸ ಹೂಡಿದರು. ಆ ದಿನಗಳಲ್ಲಿ ಮದರಾಸಿನ ಎಂ. ಸಿ. ರಾಜಾ ಮತ್ತು ಬಾಳೂ ಅವರು ಜಂಟಿ ಕ್ಷೇತ್ರಗಳ ಪರವಾಗಿ ನಿಂತು, ಅಂಬೇಡ್ಕರರನ್ನು ಒಪ್ಪಿಸುವ ಮಾತುಕತೆಯಲ್ಲಿ ಸೇರಿದರು. ೨೪ರಂದು ಪುಣೆಯ ಒಪ್ಪಂದವಾಯಿತು. ಪ್ರತ್ಯೇಕ ಕ್ಷೇತ್ರಗಳು ಹೋದವು, ಪ್ರಾಂತೀಯ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳು ೧೪೮ಕ್ಕೆ ಏರಿದವು. ಸಹಿಗಳ ಸಾಲಿನಲ್ಲಿ ಅಂಬೇಡ್ಕರರ ಹೆಸರೂ ಉಂಟು, ಬಾಳೂ ಅವರ ಹೆಸರೂ ಉಂಟು. ಒಪ್ಪಂದದ ಬೆನ್ನಿಗೆ ಗಾಂಧೀಜಿ ಕ. ಹರಿಜನ ಪ್ರವಾಸ ಕೈಗೊಂಡು, ೧೯೩೪ರ ಜನವರಿಯಲ್ಲಿ ನಮ್ಮ ನಂಜನಗೂಡು ತಾಲ್ಲೂಕಿನ ತಗಡೂರು, ಬದನವಾಳುಗಳಿಗೂ ಬಂದುಹೋದರು. ಅಂದರೆ ಒಬ್ಬ ಹಳೆಯ ಕ್ರಿಕೆಟ್ಟಿಗರು ರುಜು ಹಾಕಿದ ಕಾಗದದ ಅಲೆ ಕಪಿಲೆಯ ದಡವನ್ನೂ ತಾಕಿತ್ತು.

ಹಿಂದೂ ತಂಡದ ಹೆಸರಿನಲ್ಲಿ ಕಾಲು ಶತಮಾನ ಚೆಂಡೆಸೆದವರು, ತಾವು ಹಿಂದೂ ಅಲ್ಲವೆಂದು ಹೇಗೆ ಹೇಳಿಯಾರು? ಅರ್ಧ ತೆರೆದ ಬಾಗಿಲನ್ನು ತಳ್ಳುತ್ತ ನಿಂತರೆ ಎಂದಾದರೂ ಪೂರ್ತಿ ತೆರೆದೀತೆಂಬುದು ಅವರ ಬಾಳಿನ ಅನುಭವವಾಗಿತ್ತು. ಹೊರಗಿನ ಕುಡಿಕೆಯಿಂದ ಒಳಗಿನ ಬಟ್ಟಲಿನವರೆಗೆ, ತಮ್ಮನ ನಾಯಕತ್ವದವರೆಗೆ ಅವರು ಆ ದಾರಿಯಲ್ಲೇ ನಡೆದು ಬಂದಿದ್ದರು. ಅಂಬೇಡ್ಕರರ ಅನುಭವ ಬೇರೆ. ಒಬ್ಬ ಅಪೂರ್ವ ಬೌಲರ್‌ಗೆ ತೆರೆದ ಬಾಗಿಲು ಚೆಂಡೆಸೆಯಲು ಬಾರದ ಕೋಟ್ಯಂತರ ಜನಕ್ಕೆ ತೆರೆಯುವುದೆಂದು ಅವರು ನಂಬಲಿಲ್ಲ. ೧೯೩೫ರ ಅಕ್ಟೋಬರಿನಲ್ಲಿ ಯೇವಲೆಯಲ್ಲಿ ಅವರು ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದಾಗ, ಮತಾಂತರವು ದಲಿತರಿಗೆ ಆತ್ಮಘಾತವಾದೀತೆಂದು ಬಾಳೂ ವಿರೋಧಿಸಿದರು. ಬಾಳೂ ಅವರನ್ನು ಪರರ ಕೈಗೊಂಬೆಯೆಂದು ತಳ್ಳಿಹಾಕುವ ಮಾತನ್ನು ಕೇಳಿದ್ದೇನೆ. ಅದನ್ನು ಒಪ್ಪಲಾರೆ. ನಿಷ್ಠೆಯೂ ಒಬ್ಬ ಸ್ವಾಭಿಮಾನಿಯ ಆಯ್ಕೆಯಾಗಿರಬಹುದು. ಆದರೆ ಆ ನಿಷ್ಠೆಗೆ ಪ್ರತಿಯಾಗಿ ಅವರಿಗೆ ದೊರೆತದ್ದೇನೆಂದು ಲೆಕ್ಕ ಹಾಕಿದಾಗ ಮನಸ್ಸು ಭಾರವಾಗುತ್ತದೆ.

ಪುಣೆಯ ಒಪ್ಪಂದದ ಬಳಿಕ ಮುಂಬಯಿ ನಗರಸಭೆಗೆ ಹಿಂದೂ ಮಹಾಸಭೆಯ ಕಡೆಯಿಂದ ನಿಂತು ಬಾಳೂ ಸೋತರು. ೧೯೩೭ರಲ್ಲಿ ಮುಂಬಯಿ ಶಾಸನಸಭೆಯ ಚುನಾವಣೆ ಬಂದಾಗ ಕಾಂಗ್ರೆಸ್ಸು ಅವರನ್ನು ನಿಲ್ಲಿಸಿದ ಕ್ಷೇತ್ರ ಯಾವುದು? ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿ ಅಂಬೇಡ್ಕರ್ ತಾವೇ ಸ್ಪರ್ಧಿಸಿದ್ದ ಕ್ಷೇತ್ರ. ಅಂಬೇಡ್ಕರರೆದುರು ನಿಲ್ಲಿಸಲು ದಲಿತರಲ್ಲಿ ಅಷ್ಟು ಹೆಸರಿನ ಇನ್ನೊಬ್ಬರು ಕಾಂಗ್ರೆಸ್ಸಿಗೆ ಸಿಕ್ಕುವಂತಿರಲಿಲ್ಲ. ಮತ್ತೆ ಅದೇ ಲೆಕ್ಕ: ಎದುರಾಳಿಯನ್ನು ಕೆಡವಬೇಕು, ಕೈ ಬೇಕು, ಬಾಳೂ ಅವರನ್ನು ಕರೆ. ಅವರು ಎಂದಿನಂತೆ ಬಂದರು. ಅಂದು ಮಾನಪತ್ರ ಕೊಟ್ಟ ತರುಣನ ಎದುರಿಗೆ ಅರುವತ್ತು ದಾಟಿದ ಹಿರಿಯರು ನಿಂತರು. ಅಂಬೇಡ್ಕರರಿಗೆ ೧೩,೨೪೫ ಮತ, ಬಾಳೂ ಅವರಿಗೆ ೧೧,೨೨೫. ಅಂತರ ಎರಡು ಸಾವಿರದ ಇಪ್ಪತ್ತು.

ಈ ಅಂಕಿಗಳನ್ನು ಹೇಳಿದಾಗ ನರಸೀಪುರದ ಆ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, ನೀವಾಗಿದ್ದರೆ ಯಾರಿಗೆ ಮತ ಹಾಕುತ್ತಿದ್ದಿರಿ ಸಾರ್ ಎಂದು ಕೇಳಿದ. ಅಂಬೇಡ್ಕರರಿಗೆ, ಎಂದೆ. ಆದರೆ ಹನ್ನೊಂದು ಸಾವಿರ ಜನ ಬಾಳೂ ಅವರಿಗೆ ಹಾಕಿದರು, ಅವರೂ ಸುಮ್ಮನೆ ಹಾಕಿರಲಾರರು ಎಂದೂ ಹೇಳಿದೆ.

ಬಾಳೂ ಪಾಲವಣಕರ ೧೯೫೫ರ ಜುಲೈ ೪ರಂದು ಮುಂಬಯಿಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಸಾಂತಾಕ್ರೂಜಿನಲ್ಲಿ ನಡೆಯಿತು. ಕ್ರಿಕೆಟ್ಟಿಗರೂ ರಾಜಕಾರಣಿಗಳೂ ಬಂದಿದ್ದರು. ಮುಂದಿನ ವರ್ಷದ ಅಕ್ಟೋಬರಿನಲ್ಲಿ ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದರು. ಅದನ್ನು ನೋಡಲು ಬಾಳೂ ಇರಲಿಲ್ಲ.